ಸೂತಕವಿಲ್ಲದ ವೇಳಾಪಟ್ಟಿ: ಸಹ ಆಟಗಾರನ ಸಾವು ಮತ್ತು ಫುಟ್‌ಬಾಲ್ ತಂಡದ ಋತು

ಸಹ ಆಟಗಾರ ತೀರಿಕೊಂಡ ಮೇಲೆ ತಂಡ ಗೆದ್ದರೆ ‘ಅವನಿಗಾಗಿ ಗೆದ್ದರು’ ಎಂದು ಪತ್ರಿಕೆಗಳು ಬರೆಯುತ್ತವೆ. ಸೋತರೆ ‘ಆಘಾತದಿಂದ ಇನ್ನೂ ಹೊರಬಂದಿಲ್ಲ’ ಎನ್ನುತ್ತವೆ. ಗೆಲುವಿಗೂ ಸೋಲಿಗೂ ಒಂದೇ ಕಾರಣ ಹೊಂದುವುದಾದರೆ ಆ ಕಾರಣದಿಂದ ಏನನ್ನೂ ವಿವರಿಸಿದಂತಾಗುವುದಿಲ್ಲ. ಋತುವಿನ ನಡುವೆ ಎರಗಿದ ಸಾವು ತಂಡದ ಆಟದ ಮೇಲೆ ಬೀರುವ ಪರಿಣಾಮವನ್ನು ಅಂಕಪಟ್ಟಿಯಲ್ಲಿ ಓದಲು ಸಾಧ್ಯವೇ, ಸಾಧ್ಯವಿದ್ದರೆ ಎಷ್ಟರ ಮಟ್ಟಿಗೆ ಎಂಬುದು ಈ ಲೇಖನದ ಪ್ರಶ್ನೆ. ಇಟಲಿಯ ಫಿಯೊರೆಂಟಿನಾ (2017–18), ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ (1957–58), ಗೋವಾದ ಡೆಂಪೊ (2004–05), ಈ ಮೂರು ತಂಡಗಳನ್ನು ಇಲ್ಲಿ ಪರಿಶೀಲಿಸಿದೆ. ದುಃಖವು ತಂಡವನ್ನು ಕೆಲವು ವಾರ ಬಿಗಿಯಾಗಿ ಹಿಡಿದಿಡುತ್ತದೆ, ಇಡೀ ಋತು ಹಿಡಿದಿಡುವುದಿಲ್ಲ. ಆ ಕೆಲವು ವಾರಗಳ ಕಥೆಯನ್ನೇ ನಾವು ಋತುವಿನ ಕಥೆಯೆಂದು ಹೇಳಿಕೊಂಡು ಬಂದಿದ್ದೇವೆ ಎಂಬುದು ನನ್ನ ವಾದ.

ಇಡೀ ತಂಡವೇ ಇಲ್ಲವಾದ ದುರಂತಗಳನ್ನು ಬೇಕೆಂದೇ ಹೊರಗಿಟ್ಟಿದ್ದೇನೆ. 1949ರ ಮೇ 4ರಂದು ಸುಪೆರ್ಗಾ ಬೆಟ್ಟಕ್ಕೆ ವಿಮಾನ ಬಡಿದು ಟೊರಿನೊ ತಂಡ ನಾಶವಾದಾಗ, ಉಳಿದ ನಾಲ್ಕು ಪಂದ್ಯಗಳನ್ನು ಕ್ಲಬ್ಬಿನ ಕಿರಿಯರು ಆಡಿ ಗೆದ್ದರು. ಎದುರಾಳಿಗಳೂ ತಮ್ಮ ಕಿರಿಯರನ್ನೇ ಇಳಿಸಿದ್ದರು. ಅದು ಗೌರವಾರ್ಪಣೆ, ಆ ಫಲಿತಾಂಶಗಳಿಂದ ದುಃಖದ ಬಗ್ಗೆ ಏನೂ ತಿಳಿಯದು. 1993ರಲ್ಲಿ ಜಾಂಬಿಯಾ, 2016ರಲ್ಲಿ ಷಾಪೆಕೊಯೆನ್ಸೆ ತಂಡಗಳು ವಿಮಾನ ಅಪಘಾತಕ್ಕೆ ಬಲಿಯಾದ ಪ್ರಕರಣಗಳಲ್ಲೂ ಆಮೇಲೆ ಆಡಿದ್ದು ಹೆಚ್ಚುಕಡಿಮೆ ಬೇರೆಯೇ ತಂಡ.

ಕ್ರೀಡಾ ಬರಹಗಳಿಗೆ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಹೇಳಿದ ದುಃಖದ ಐದು ಹಂತಗಳೆಂದರೆ ಬಹಳ ಪ್ರೀತಿ. ಆದರೆ ಅವನ್ನು ವಿವರಿಸಿದ 1969ರ ಕೃತಿಗೆ ಆಧಾರವಾದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗಿನ ಮಾತುಕತೆ. ಉಳಿದವರ ದುಃಖಕ್ಕೆ, ಅದರಲ್ಲೂ ವಾರಕ್ಕೊಮ್ಮೆ ಅಂಗಳಕ್ಕಿಳಿಯಬೇಕಾದ ತಂಡಕ್ಕೆ, ಅದನ್ನು ನೇರವಾಗಿ ತೊಡಿಸಲಾಗದು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ದ್ವಿಮುಖ ಪ್ರಕ್ರಿಯೆಯ ಮಾದರಿ ಇಲ್ಲಿ ಹೆಚ್ಚು ಉಪಯುಕ್ತ. ಅದರ ಪ್ರಕಾರ ದುಃಖಿತರು ನಷ್ಟದತ್ತ ಒಮ್ಮೆ, ಮುಂದಿನ ಬದುಕಿನ ಕೆಲಸಗಳತ್ತ ಒಮ್ಮೆ ತೂಗಾಡುತ್ತಾರೆ. ಆ ಓಲಾಟವೇ ಹೊಂದಿಕೊಳ್ಳುವ ದಾರಿ. ಮನೆಯಲ್ಲಿ ಸಾವಾದರೆ ಸೂತಕದ ಹೆಸರಿನಲ್ಲಿ ನಮ್ಮ ಸಮಾಜ ಈ ಓಲಾಟಕ್ಕೆ ಗೊತ್ತಾದ ದಿನಗಳನ್ನು ಕೊಡುತ್ತದೆ. ಲೀಗ್ ವೇಳಾಪಟ್ಟಿಗೆ ಅಂಥ ಏರ್ಪಾಡಿಲ್ಲ. ಅಲ್ಲಿ ಯಾವಾಗ ಅಳಬೇಕು, ಯಾವಾಗ ಆಡಬೇಕು ಎಂಬುದನ್ನು ತೀರ್ಮಾನಿಸುವವರು ದುಃಖದಲ್ಲಿರುವವರಲ್ಲ.

ಫಿಯೊರೆಂಟಿನಾದ ನಾಯಕ ದಾವಿದೆ ಅಸ್ತೋರಿ 2018ರ ಮಾರ್ಚ್ 4ರ ಬೆಳಿಗ್ಗೆ, ಉದಿನೇಸೆ ವಿರುದ್ಧದ ಪಂದ್ಯಕ್ಕೆಂದು ತಂಡ ಇಳಿದುಕೊಂಡಿದ್ದ ಊದಿನೆಯ ಹೋಟೆಲ್ ಕೋಣೆಯಲ್ಲಿ ಸತ್ತುಬಿದ್ದಿದ್ದರು. ವಯಸ್ಸು 31. ಅಂದಿನ ಸೀರಿ ಎ ಪಂದ್ಯಗಳೆಲ್ಲ ಮುಂದಕ್ಕೆ ಹೋದವು. ಮಾರ್ಚ್ 8ರಂದು ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ ಅಂತ್ಯವಿಧಿ ನಡೆಯಿತು. ಹಿಂದಿನ ರಾತ್ರಿಯಷ್ಟೇ ಲಂಡನ್ನಿನಲ್ಲಿ ಆಡಿದ್ದ ಯುವೆಂಟಸ್ ತಂಡದ ಬುಫೊನ್, ಕಿಯೆಲ್ಲಿನಿ ಕೂಡ ಬಂದಿದ್ದರು. ಮಾರ್ಚ್ 11ಕ್ಕೆ, ಸಾವಿನ ಏಳನೇ ದಿನ, ತವರಿನಲ್ಲಿ ಬೆನೆವೆಂಟೊ ವಿರುದ್ಧ ಪಂದ್ಯ. ಅಸ್ತೋರಿಯ ಜೆರ್ಸಿ ಸಂಖ್ಯೆ 13. ಹದಿಮೂರನೇ ನಿಮಿಷದಲ್ಲಿ ಆಟ ನಿಂತಿತು, ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟಿತು. ಅವರ ಜಾಗದಲ್ಲಿ ಆಡುತ್ತಿದ್ದ ಬ್ರೆಜಿಲಿನ ಡಿಫೆಂಡರ್ ವಿಟರ್ ಹ್ಯೂಗೊ, ಬೆನ್ನ ಮೇಲೆ 31ನೇ ಸಂಖ್ಯೆ ಹೊತ್ತು, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆಕೊಟ್ಟು ಪಂದ್ಯದ ಏಕೈಕ ಗೋಲು ಹೊಡೆದರು. ನಾಯಕನ ಚಿತ್ರವಿದ್ದ ಅಂಗಿಯನ್ನು ಎತ್ತಿಹಿಡಿದು ಅದಕ್ಕೆ ಸೆಲ್ಯೂಟ್ ಮಾಡಿದರು. ಕಥೆ ಹುಟ್ಟಲು ಇಷ್ಟು ಸಾಕಿತ್ತು.

ಸಾವಿಗೆ ಮುನ್ನ ತಂಡ 26 ಪಂದ್ಯಗಳಲ್ಲಿ 35 ಪಾಯಿಂಟ್ ಗಳಿಸಿತ್ತು. ಆಮೇಲಿನ 12 ಪಂದ್ಯಗಳಲ್ಲಿ 22 ಬಂದವು. ಸರಾಸರಿ ನೋಡಿದರೆ ‘ಅವನಿಗಾಗಿ ಗೆದ್ದರು’ ಎಂಬುದೇ ಸರಿ. ಆದರೆ ಈ 12ನ್ನು ಒಡೆದು ನೋಡಬೇಕು. ಬೆನೆವೆಂಟೊ, ಟೊರಿನೊ, ಕ್ರೊಟೊನೆ, ಉದಿನೇಸೆ, ರೋಮಾ, ಹೀಗೆ ಮೊದಲ ಐದರಲ್ಲಿ ಐದೂ ಗೆಲುವು, 15 ಪಾಯಿಂಟ್. ಉಳಿದ ಏಳರಲ್ಲಿ ಏಳೇ ಪಾಯಿಂಟ್. ಸ್ಪಾಲ್ ಜತೆ ಗೋಲಿಲ್ಲದ ಡ್ರಾ. ಲಾಜಿಯೊಗೆ 3–4, ಸಸ್ಸುಓಲೊಗೆ 0–1 ಸೋಲು. ಪ್ರಶಸ್ತಿಯ ಹಾದಿಯಲ್ಲಿದ್ದ ನಾಪೊಲಿಯನ್ನು 3–0ಯಿಂದ ಮಣಿಸಿದ, ಜೆನೊವಾವನ್ನು ಅದರ ಊರಿನಲ್ಲೇ ಸೋಲಿಸಿದ ಇದೇ ತಂಡ ಕೊನೆಯ ಪಂದ್ಯದಲ್ಲಿ ಮಿಲಾನ್‌ಗೆ 1–5ರಿಂದ ಶರಣಾಯಿತು. ಅದಕ್ಕೂ ಮೊದಲು, ಮೇ 13ರಂದು, ತವರಿನಲ್ಲಿ ಕಾಲ್ಯಾರಿಗೆ ಸೋತಿತ್ತು. ಕಾಲ್ಯಾರಿ ಅಸ್ತೋರಿ ಹಿಂದೆ ವರ್ಷಗಟ್ಟಲೆ ಆಡಿದ್ದ ಕ್ಲಬ್. ಫಿಯೊರೆಂಟಿನಾದಂತೆ ಅದೂ 13ನೇ ಸಂಖ್ಯೆಯ ಜೆರ್ಸಿಯನ್ನು ಅವರ ಹೆಸರಿನಲ್ಲಿ ಕೈಬಿಟ್ಟಿದೆ. ಅಂದರೆ ಅಂದು ಅಂಗಳದ ಎರಡೂ ಬದಿಯವರು ಒಬ್ಬನನ್ನೇ ಕಳೆದುಕೊಂಡವರು. ದುಃಖದಿಂದ ಬಲ ಬರುತ್ತದೆ ಎನ್ನುವುದಾದರೆ ಆ ದಿನ ಯಾರಿಗೆ ಬರಬೇಕಿತ್ತು?

ಮೊದಲ ಐದು ಗೆಲುವುಗಳನ್ನೂ ಹಾಗೇ ಒಪ್ಪಿಕೊಳ್ಳಲಾಗದು. ಬೆನೆವೆಂಟೊ, ಕ್ರೊಟೊನೆ ಎರಡೂ ಆ ವರ್ಷ ಕೆಳಗಿನ ದರ್ಜೆಗೆ ಇಳಿದವು. ಉದಿನೇಸೆ ಸಾಲು ಸೋಲುಗಳಲ್ಲಿ ಮುಳುಗಿತ್ತು. ರೋಮಾ, ಬಾರ್ಸಿಲೋನಾ ವಿರುದ್ಧದ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನ ಎರಡು ಪಂದ್ಯಗಳ ನಡುವೆ ಸಿಕ್ಕಿಕೊಂಡಿತ್ತು. ಹಾಗೆಯೇ ಲಾಜಿಯೊ ವಿರುದ್ಧದ ಸೋಲಿಗೆ, ಫಿಯೊರೆಂಟಿನಾದ ಗೋಲ್‌ಕೀಪರ್ ಆರಂಭದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದದ್ದೂ ಕಾರಣ. ದುಃಖದ ಪಾಲನ್ನು ಅಲ್ಲಗಳೆಯಲು ಇದನ್ನು ಹೇಳುತ್ತಿಲ್ಲ. ಉಳಿದ ಪಾಲುಗಳನ್ನು ಕಳೆದ ಮೇಲೆ ಮಿಗುವುದು ನಮ್ಮ ಭಾವುಕತೆ ಬಯಸುವಷ್ಟಿಲ್ಲ. 57 ಪಾಯಿಂಟ್‌ಗಳೊಂದಿಗೆ ತಂಡ ಎಂಟನೆಯದಾಯಿತು. ಮರುವರ್ಷ 16ನೇ ಸ್ಥಾನಕ್ಕೆ ಕುಸಿಯಿತು. ಆ ವಸಂತವನ್ನು ದಾಟಿಸಿದ್ದ ಕೋಚ್ ಸ್ಟೆಫಾನೊ ಪಿಯೊಲಿ 2019ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು.

ಇದೇ ಎರಡು ಮುಖ ಮ್ಯಾಂಚೆಸ್ಟರ್‌ನಲ್ಲಿ ಒಂದೇ ವೇಳೆಗೆ ಕಾಣಿಸಿತು. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ತಂಡವಿದ್ದ ವಿಮಾನ ಅಪಘಾತಕ್ಕೀಡಾಗಿ 23 ಮಂದಿ ಸತ್ತರು. ಅವರಲ್ಲಿ ಎಂಟು ಮಂದಿ ಯುನೈಟೆಡ್‌ನ ಆಟಗಾರರು. ಅವರಲ್ಲೊಬ್ಬರಾದ ಡಂಕನ್ ಎಡ್ವರ್ಡ್ಸ್ 15 ದಿನ ಆಸ್ಪತ್ರೆಯಲ್ಲಿ ಹೋರಾಡಿ ತೀರಿಕೊಂಡರು. ಗಾಯಗೊಂಡ ಮ್ಯಾನೇಜರ್ ಮ್ಯಾಟ್ ಬಸ್ಬಿಯ ಬದಲು ಹೊಣೆ ಹೊತ್ತ ಸಹಾಯಕ ಜಿಮ್ಮಿ ಮರ್ಫಿ, ಶವಸಂಸ್ಕಾರಗಳು ನಡೆಯುತ್ತಿದ್ದ ಊರಿನಿಂದ ಹುಡುಗರನ್ನು ಬ್ಲ್ಯಾಕ್‌ಪೂಲ್‌ನ ಹೋಟೆಲಿಗೆ ಕರೆದೊಯ್ದರು. ಹದಿಮೂರನೇ ದಿನ ಎಫ್‌ಎ ಕಪ್ ಪಂದ್ಯ. ಯಾರು ಆಡುತ್ತಾರೆಂದು ತಿಳಿಯದ ಕಾರಣ, ಮಾರಾಟಕ್ಕಿಟ್ಟ ಪಂದ್ಯಪತ್ರಿಕೆಯಲ್ಲಿ ಯುನೈಟೆಡ್‌ನ ಹನ್ನೊಂದು ಹೆಸರುಗಳ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿದ್ದರು. ತಂಡ ಶೆಫೀಲ್ಡ್ ವೆಡ್ನೆಸ್‌ಡೇಯನ್ನು 3–0ಯಿಂದ ಸೋಲಿಸಿತು, ಫೈನಲ್‌ವರೆಗೂ ಹೋಗಿ ಬೋಲ್ಟನ್‌ಗೆ 0–2ರಿಂದ ಸೋತಿತು. ಅದೇ ಅವಧಿಯ 14 ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು, ಒಂಬತ್ತನೇ ಸ್ಥಾನಕ್ಕಿಳಿಯಿತು. ವೆಸ್ಟ್ ಬ್ರಾಮ್‌ವಿಚ್ ವಿರುದ್ಧದ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮಾರ್ಚ್ 5ರಂದು ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಕಪ್ ಮರುಪಂದ್ಯ, 1–0 ಗೆಲುವು. ಮೂರೇ ದಿನಗಳ ಬಳಿಕ ಅದೇ ಅಂಗಳ, ಅದೇ ಎದುರಾಳಿ, ಲೀಗ್ ಪಂದ್ಯ, 0–4 ಸೋಲು.

ಸತ್ತವರ ಸಂಖ್ಯೆ, ಆಟಗಾರರ ಕೊರತೆ, ಜನರ ಅನುಕಂಪ ಎರಡೂ ದಿನ ಒಂದೇ ಇದ್ದವು. ಬದಲಾದದ್ದು ಸ್ಪರ್ಧೆಯ ಸ್ವರೂಪ. ಕಪ್ ಪಂದ್ಯಕ್ಕೆ ಅಂದೇ ಒಂದು ಕೊನೆ ಇರುತ್ತದೆ. ಶೋಕವನ್ನೆಲ್ಲ ಅದರ ಮೇಲೆ ಸುರಿಯಬಹುದು. ಲೀಗ್ ಪಂದ್ಯ ದಿನಗೂಲಿಯಂತೆ. ಇವತ್ತಿನದು ಮುಗಿದರೆ ನಾಳೆ ಮತ್ತೆ ಹಾಜರಾಗಬೇಕು. ಒಂದು ಜೊತೆ ಪಂದ್ಯಗಳಿಂದ ನಿಯಮ ಕಟ್ಟಲಾಗದು, ಆದರೆ ಇದಕ್ಕಿಂತ ಸ್ಪಷ್ಟವಾದ ಜೊತೆ ಫುಟ್‌ಬಾಲ್ ಚರಿತ್ರೆಯಲ್ಲಿ ಸಿಗುವುದು ಅಪರೂಪ.

ಮೂರನೆಯದು ನಮ್ಮ ಊರಿನಲ್ಲೇ ನಡೆದದ್ದು. 2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫೈನಲ್. ಡೆಂಪೊದ ಬ್ರೆಜಿಲಿಯನ್ ಮುಂಚೂಣಿ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೇ ಗೋಲು ಹೊಡೆಯುವಾಗ ಮೋಹನ್ ಬಾಗಾನ್‌ನ ಗೋಲ್‌ಕೀಪರ್ ಸುಬ್ರತ ಪಾಲ್‌ಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ. ಅವರಿಗೆ 25 ವರ್ಷ. ಡೆಂಪೊ 2–0ಯಿಂದ ಗೆದ್ದಿತು. ಎರಡೂ ಗೋಲು ಅವರವೇ. ಅರ್ಮಾಂಡೊ ಕೊಲಾಸೊ ಗರಡಿಯ ಆ ತಂಡ ಅದೇ ಋತುವಿನಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದಿತು.

ಇದು ನನ್ನ ವಾದಕ್ಕೆ ತೊಡಕು: ಇಲ್ಲಿ ಲೀಗ್ ಕೂಡ ಕೈಗೆ ಬಂದಿದೆ. ಆದರೆ ಡೆಂಪೊ 2012ರೊಳಗೆ ಇನ್ನೂ ನಾಲ್ಕು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನೈಜೀರಿಯಾದ ರಾಂಟಿ ಮಾರ್ಟಿನ್ಸ್ ಆಗತಾನೇ ತಂಡಕ್ಕೆ ಬಂದಿದ್ದರು. ಏರುಗಾಲದಲ್ಲಿದ್ದ ತಂಡಕ್ಕೆ ಬಡಿದ ಸಾವು ಅದರ ಏರಿಕೆಯನ್ನು ತಡೆಯಲಿಲ್ಲ ಎನ್ನಬಹುದು. ಏರಿಕೆಗೆ ಸಾವೇ ಕಾರಣ ಎನ್ನಲು ಆಧಾರವಿಲ್ಲ.

ಅಂದಿನ ಎದುರಾಳಿ ಮೋಹನ್ ಬಾಗಾನ್ ತಂಡದ ದುಃಖದ ಬಗ್ಗೆ ಯಾರೂ ಬರೆದಂತಿಲ್ಲ. ಅಂದು ಸುಬ್ರತ ಪಾಲ್‌ಗೆ 18 ವರ್ಷ. ಅವರಿಗೆ ಅಮಾನತು ಶಿಕ್ಷೆಯಾಯಿತು. ಆಮೇಲೆ ಅದೇ ಹುಡುಗ 2011ರ ಏಷ್ಯಾ ಕಪ್‌ನಲ್ಲಿ ಭಾರತದ ಗೋಲು ಕಾಯ್ದರು, 2016ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಸಮಾಜ ಮಾನ್ಯ ಮಾಡದ ದುಃಖವೆಂಬ ಪರಿಕಲ್ಪನೆಯನ್ನು ಕೆನೆತ್ ಡೋಕಾ 1989ರಲ್ಲಿ ಮುಂದಿಟ್ಟರು: ಸಂಬಂಧಿಯಲ್ಲದವರಿಗೆ, ತಪ್ಪಿನ ನೆರಳು ಬಿದ್ದವರಿಗೆ ಶೋಕಿಸುವ ಹಕ್ಕೇ ಸಿಗುವುದಿಲ್ಲ. ಸಹ ಆಟಗಾರ ರಕ್ತಸಂಬಂಧಿಯಲ್ಲ. ಎದುರಾಳಿ ಗೋಲ್‌ಕೀಪರ್ ಅಂತೂ ಅಲ್ಲವೇ ಅಲ್ಲ. ಅಂಕಪಟ್ಟಿಯ ಯಾವ ಕಾಲಮ್ಮಿನಲ್ಲೂ ಇವರ ಆ ಋತು ದಾಖಲಾಗಿಲ್ಲ.

ಡೆಂಪೊ ಕ್ರಿಸ್ಟಿಯಾನೊ ಜೂನಿಯರ್ ಅವರ 10ನೇ ಸಂಖ್ಯೆಯ ಜೆರ್ಸಿಯನ್ನು ಕೈಬಿಟ್ಟಿತು. ಅದರಾಚೆ ಆ ಋತುವಿನ ಒಳಗಿನ ಸಂಗತಿ ಆಟಗಾರರ ನೆನಪಿನಲ್ಲಷ್ಟೇ ಇದೆ: ಮರುದಿನದ ಅಭ್ಯಾಸ ಹೇಗಿತ್ತು, ಡ್ರೆಸ್ಸಿಂಗ್ ರೂಮಿನಲ್ಲಿ ಅವರ ಜಾಗದಲ್ಲಿ ಯಾರು ಕೂತರು, ಯಾರಿಗೆ ರಜೆ ಬೇಕಿತ್ತು, ಕೇಳಿದರೇ. ಎರಡು ದಶಕ ದಾಟಿದೆ. ಅಂದಿನ ಎರಡೂ ತಂಡದವರು ಗೋವಾದಲ್ಲಿ, ಕೋಲ್ಕತ್ತದಲ್ಲಿ ಮಾತಿಗೆ ಸಿಗುತ್ತಾರೆ. ಅಂದು ಕಂಠೀರವದ ಗ್ಯಾಲರಿಯಲ್ಲಿದ್ದವರು ಬೆಂಗಳೂರಿನಲ್ಲೇ ಇದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ದೈಹಿಕ ಶಿಕ್ಷಣ ಹಾಗೂ ಮನಶ್ಶಾಸ್ತ್ರ ವಿಭಾಗಗಳು ಜಂಟಿಯಾಗಿ ಈ ಮೌಖಿಕ ಚರಿತ್ರೆಯನ್ನು ಸಂಗ್ರಹಿಸಬೇಕು, ಸುಬ್ರತ ಪಾಲ್ ಅವರ ತಂಡದವರನ್ನೂ ಬಿಡದೆ.