ಅನ್ಯರ ಸೊತ್ತು, ಅರಸರ ಗರ್ವ

ಕೃಷ್ಣಾ-ತುಂಗಭದ್ರೆಯರ ನಡುವಣ ನಾಡು ನಮ್ಮದು. ಸಿಂಧನೂರು, ಲಿಂಗಸೂಗೂರು, ಮಸ್ಕಿಗಳುಳ್ಳ ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ವಿಜಾಪುರದ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ನಾಬೋತನ ದ್ರಾಕ್ಷಿತೋಟದ ಮೇಲೆ ಕಣ್ಣಿಟ್ಟ ಅಹಾಬನ ದುರಾಸೆಯೇ ಇಲ್ಲಿಯೂ ರಕ್ತ ಹರಿಸಿತು.

ದುರಾಸೆಯ ಬೆನ್ನಿಗೇ ಗರ್ವ ಬರುತ್ತದೆ. 1520ರಲ್ಲಿ ರಾಯಚೂರನ್ನು ಗೆದ್ದ ಕೃಷ್ಣದೇವರಾಯನು, ಸೋತ ಆದಿಲ್‌ಶಾಹನು ಬಂದು ತನ್ನ ಪಾದವನ್ನು ಚುಂಬಿಸಬೇಕೆಂದು ಬಯಸಿದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. 1565ರಲ್ಲಿ ವಿಜಯನಗರವೇ ಸೋತಿತು. 1686ರಲ್ಲಿ ವಿಜಾಪುರವೂ ಮೊಗಲರ ಪಾಲಾಯಿತು.

ಧರ್ಮದಲ್ಲಿ ನಡೆವ ಕಿರಿಯನೂ ಉನ್ನತಿಗೇರಬಲ್ಲನೆಂಬ ಅಶೋಕನ ಬೋಧೆ ಮಸ್ಕಿಯ ಬಂಡೆಯ ಮೇಲೆ ಆಗಲೂ ಇತ್ತು. ನಮ್ಮ ಪ್ರಭುವಾದರೋ ತಮ್ಮ ಪಾದಚುಂಬನವನ್ನು ಬೇಡಲಿಲ್ಲ. ಬಾಗಿ ಶಿಷ್ಯರ ಪಾದಗಳನ್ನು ತೊಳೆದರು. ನೆರೆಯವನ ಹೊಲದ ಬದುವಿನ ಮೇಲೆ ನಮ್ಮ ಕಣ್ಣು ಬೀಳುವಾಗ, ಪ್ರಿಯರೇ, ನಾವು ಯಾರ ಹಾದಿ ಹಿಡಿದಿದ್ದೇವೆ?