ಎದೆ ಡವಡವ ಎನ್ನುವವರ ದಾರಿ: ಠಾಣೆ–ಕಲ್ಯಾಣ ಭಾಗದಲ್ಲಿ ಆತಂಕ ಚಿಕಿತ್ಸೆಯ ಚರಿತ್ರೆ

ಠಾಣೆಯ ಮನೋರೋಗ ಆಸ್ಪತ್ರೆ ನರೋತ್ತಮದಾಸ್ ಮಾಧವದಾಸ್ ಅವರ ಹೆಸರು ಹೊತ್ತು 1901ರಲ್ಲಿ ಶುರುವಾಯಿತು. ಆಗ ಜಾರಿಯಲ್ಲಿದ್ದದ್ದು ಮನೋರೋಗಿಗಳ ಕುರಿತ 1858ರ ಕಾಯಿದೆ. ರೋಗಿ ಒಳಗೆ ಸೇರುವುದು ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ. 1912ರ ಕಾಯಿದೆ ಬಂದ ಮೇಲೂ ಆದೇಶವೇ ಮುಖ್ಯ ದಾರಿಯಾಗಿ ಉಳಿಯಿತು. ದಿನವೂ ಕೆಲಸಕ್ಕೆ ಹೋಗಿಬಂದು, ರಾತ್ರಿ ನಿದ್ದೆ ಹತ್ತದೆ ಒದ್ದಾಡುವ ಗುಮಾಸ್ತನಿಗಾಗಿ ಕಟ್ಟಿದ ಜಾಗ ಅದಲ್ಲ. ‘ಇವನನ್ನು ಠಾಣೆಗೆ ಕಳಿಸಿ’ ಎಂಬ ಮುಂಬಯಿಯ ಕುಹಕ ಇಂದಿಗೂ ಸತ್ತಿಲ್ಲ. ಈ ಭಾಗದಲ್ಲಿ ಆತಂಕ ಗುರುತಾಗದೆ ಉಳಿದದ್ದಕ್ಕೆ ಜನರ ಅಜ್ಞಾನವನ್ನಷ್ಟೇ ದೂರುವುದು ಅನ್ಯಾಯ. ಹತ್ತಿರದಲ್ಲೇ ಇದ್ದ ಆಸ್ಪತ್ರೆಯ ಹೆಸರೇ ಅವರನ್ನು ಹೆದರಿಸುತ್ತಿತ್ತು.

ಬದಲಾವಣೆ ಆರಂಭವಾದದ್ದು ರೈಲು ಹಳಿಯ ಇನ್ನೊಂದು ತುದಿಯಲ್ಲಿ, ಮುಂಬಯಿಯಲ್ಲಿ. 1938ರಲ್ಲಿ ಡಾ. ಕೆ. ಆರ್. ಮಸಾನಿ ಅವರು ಜೆ.ಜೆ. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ತೆರೆದರು. ಸಾಮಾನ್ಯ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ತೋರಿಸಿಕೊಂಡು, ಸಂಜೆಗೆ ಮನೆಗೆ ಮರಳಬಹುದಾಯಿತು. ನನ್ನ ಲೆಕ್ಕದಲ್ಲಿ ಔಷಧಿಗಳಿಗಿಂತ ದೊಡ್ಡ ತಿರುವು ಇದೇ. ಮುಂದೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಎನ್. ಎಸ್. ವಾಹಿಯಾ ಮತ್ತು ಸಂಗಡಿಗರು ಪತಂಜಲಿಯ ಯೋಗಕ್ರಮವನ್ನು ಚಿಕಿತ್ಸೆಗೆ ಅಳವಡಿಸಿದರು: ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ. ಯೋಗವನ್ನು ಹೊಗಳಿ ಅವರು ಸುಮ್ಮನಾಗಲಿಲ್ಲ. ಒಂದು ಗುಂಪಿಗೆ ಪೂರ್ಣ ಕ್ರಮ, ಇನ್ನೊಂದಕ್ಕೆ ಹೊರನೋಟಕ್ಕೆ ಅದೇ ಬಗೆಯ ವ್ಯಾಯಾಮ ಕೊಟ್ಟು, ಆತಂಕವನ್ನು ಮಾಪನದಿಂದ ಅಳೆದರು. 1973ರಲ್ಲಿ ಪ್ರಕಟವಾದ ಅವರ ಬರಹದಲ್ಲಿ ಪೂರ್ಣ ಕ್ರಮದವರಿಗೇ ಹೆಚ್ಚು ಗುಣ ಕಂಡಿತ್ತು. ಇಂಥ ಹೋಲಿಕೆಯ ಶಿಸ್ತು ಅಂದಿನ ಯೋಗ ಚಿಕಿತ್ಸೆಯಲ್ಲಿ ಅಪರೂಪ. ವಾಹಿಯಾ ಅವರ ಹೆಸರು ಇಂದು ಅಷ್ಟಾಗಿ ಕೇಳಿಬರದಿರುವುದು ಬೇಸರದ ಸಂಗತಿ.

ಠಾಣೆಯಲ್ಲಿಯೇ ಹೊಸ ಬಗೆಯ ಸಂಸ್ಥೆ ಬಂದದ್ದು 1990ರಲ್ಲಿ. ಡಾ. ಆನಂದ ನಾಡಕರ್ಣಿ ಕಟ್ಟಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್‌ರ ವಿಚಾರ ಚಿಕಿತ್ಸೆಯನ್ನು ಮರಾಠಿ ಮಧ್ಯಮವರ್ಗದ ಮಾತಿಗೆ ಇಳಿಸಿತು. ಕನ್ನಡದಲ್ಲಿ ಅದಕ್ಕೆ ಸಮೀಪದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ, ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳಿಂದ. ಡೊಂಬಿವಲಿ, ಕಲ್ಯಾಣಗಳ ಕನ್ನಡಿಗನಿಗೆ ಓದು ಅಲ್ಲಿಂದ, ವೈದ್ಯರು ಇಲ್ಲಿ.

ಗುರುತಿಸುವುದು ಇಂದಿಗೂ ಸುಲಭವಲ್ಲ. ಕಿಕ್ಕಿರಿದ ಲೋಕಲ್‌ನಲ್ಲಿ ಏಕಾಏಕಿ ಉಸಿರು ಕಟ್ಟಿ, ಕೈ ಜೋಮು ಹಿಡಿದು, ಈಗಲೇ ಸತ್ತೆ ಎನಿಸುವ ಗಾಬರಿ ಸಾಮಾನ್ಯವಾಗಿ 10 ನಿಮಿಷದೊಳಗೆ ತುತ್ತತುದಿ ಮುಟ್ಟಿ ಇಳಿಯುತ್ತದೆ. ಅಷ್ಟರಲ್ಲಿ ಗಾಬರಿಗೊಂಡ ಪ್ರಯಾಣಿಕ ಮುಂದಿನ ಸ್ಟೇಷನ್‌ನಲ್ಲಿ ಇಳಿದಿರುತ್ತಾನೆ. ಇಳಿದದ್ದರಿಂದಲೇ ಬದುಕಿದೆ ಎಂದು ನಂಬಿ ಮಾರನೆಯ ದಿನ ರೈಲು ಹತ್ತಲು ಅಂಜುತ್ತಾನೆ. ಮೊದಲ ಸಲ ಹೃದಯ, ಥೈರಾಯ್ಡ್, ರಕ್ತಹೀನತೆಯ ತಪಾಸಣೆ ಆಗಲೇಬೇಕು. ಅವೆಲ್ಲ ಸರಿಯಿದ್ದಾಗ ‘ನಿಮಗೇನೂ ಆಗಿಲ್ಲ’ ಎಂದು ಸಾಗಹಾಕುವುದು ತಪ್ಪು. ಬಿಟ್ಟ ರೈಲನ್ನು ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಹತ್ತಿಸುವ ಆಪ್ತಚಿಕಿತ್ಸೆ, ಬೇಕಿದ್ದರೆ ಕೆಲವು ವಾರಗಳಲ್ಲಿ ಫಲ ಕೊಡುವ ಮಾತ್ರೆ, ಎರಡೂ ಇವೆ. 1960ರ ದಶಕದಲ್ಲಿ ಬಂದ ಡಯಾಜೆಪಾಮ್ ಬಗೆಯ ಗುಳಿಗೆ ಥಟ್ಟನೆ ನೆಮ್ಮದಿ ಕೊಟ್ಟರೂ ಚಟ ಹಿಡಿಸಬಲ್ಲದು.

2022ರ ಅಕ್ಟೋಬರ್ 10ರಂದು ಆರಂಭವಾದ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯ ಸೇವೆ ಕನ್ನಡದಲ್ಲೂ ಇದೆ.