ಕೆರೆಯ ದಡದಲ್ಲಿ ಬೆಳೆದ ಕಲೆ: ಬಾಸ್ ಮೀನು ಮತ್ತು ಕೃತಕ ನೊಣದ ಇತಿಹಾಸ

ಅಮೆರಿಕದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮನೆಗಳಿಗೆ ಒಂದು ಕೆರೆಯೋ ಸರೋವರವೋ ಸಮೀಪದಲ್ಲಿರುತ್ತದೆ. ವಸಂತದ ಸಂಜೆಗಳಲ್ಲಿ ಅದರ ದಡದ ಮೇಲೆ ಉದ್ದನೆಯ ಬಳುಕುವ ಕೋಲು ಹಿಡಿದು, ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತ ನಿಂತವರನ್ನು ನಾವು ಕಂಡಿರುತ್ತೇವೆ. ಅವರು ಹಿಡಿಯಬಯಸುವುದು ಬಹುಮಟ್ಟಿಗೆ ಬಾಸ್ ಮೀನನ್ನು, ಇಲ್ಲವೆ ಬ್ಲೂಗಿಲ್ ಮೊದಲಾದ ಅಂಗೈಯಗಲದ ಮೀನುಗಳನ್ನು. ಕಾವಲಿಯಲ್ಲಿ ಇಡಿಯಾಗಿ ಹುರಿಯಬಹುದಾದ ಗಾತ್ರದವಾದುದರಿಂದ ಈ ಕಿರುಮೀನುಗಳಿಗೆ ಪ್ಯಾನ್‌ಫಿಶ್ ಎಂಬ ಹೆಸರು ಬಂದಿದೆ. ನೋಡುವವರಿಗೆ ಇದು ಹೊತ್ತು ಕಳೆಯುವ ಹವ್ಯಾಸವಷ್ಟೆ. ಆದರೆ ಈ ಹವ್ಯಾಸಿಗಳೇ ಕಾಲಕ್ರಮದಲ್ಲಿ ಈ ನಾಡಿನ ನೀರಿಗೆ ಕಾವಲು ನಿಂತರೆಂಬುದು ನಾವು ತಿಳಿದಿರಬೇಕಾದ ಸಂಗತಿ.

ಸಾಮಾನ್ಯ ಗಾಳದಲ್ಲಿ ಕೊಕ್ಕೆಗೆ ಕಟ್ಟಿದ ಭಾರವು ದಾರವನ್ನು ನೀರಿಗೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಾದರೋ ದಾರದ ಭಾರವೇ ಕೊಕ್ಕೆಯನ್ನು ಒಯ್ಯುತ್ತದೆ. ಕೊಕ್ಕೆಗೆ ಗರಿ, ಕೂದಲು, ನೂಲುಗಳನ್ನು ಸುತ್ತಿ ಮಾಡಿದ ಕೃತಕ ನೊಣಕ್ಕೆ ತೂಕವೆಂಬುದೇ ಇಲ್ಲ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳವಿದ್ಯೆಯ ಗ್ರಂಥವೊಂದು ಇಂತಹ ಹನ್ನೆರಡು ನೊಣಗಳನ್ನು ವರ್ಣಿಸುತ್ತದೆ. ಗಾಳವನ್ನು ವಿನೋದವೆಂದು ಬಗೆದು ಬರೆದವರು ಅದಕ್ಕೂ ಹಿಂದೆ ನಮ್ಮ ನಾಡಿನಲ್ಲಿಯೇ ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ 'ಮತ್ಸ್ಯವಿನೋದ' ಭಾಗವು ಮೀನುಗಳ ಬಗೆಗಳನ್ನೂ ಅವುಗಳಿಗೆ ಒಪ್ಪುವ ಎರೆಯನ್ನೂ ಗಾಳದ ಕೋಲು ದಾರಗಳನ್ನೂ ವಿವರಿಸುತ್ತದೆ. ಅಲ್ಲಿ ಅದು ಅರಸನ ವಿನೋದ. ಇಂಗ್ಲೆಂಡಿನಲ್ಲಿಯೂ ಹರಿಯುವ ತಣ್ಣೀರಿನ ಟ್ರೌಟ್ ಮೀನಿಗೆ ಕೃತಕ ನೊಣ ಬೀಸುವುದು ಬರಬರುತ್ತ ಸಿರಿವಂತರ ಕಲೆಯಾಯಿತು.

ಅಮೆರಿಕದ ನಿಂತ ನೀರಿನಲ್ಲಿ ಈ ಕಲೆ ಬೇರೆ ದಾರಿ ಹಿಡಿಯಿತು. ಸಸ್ಯವಿಜ್ಞಾನಿ ವಿಲಿಯಂ ಬಾರ್ಟ್ರಂ 1791ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಫ್ಲಾರಿಡಾದ ಒಂದು ಪದ್ಧತಿಯನ್ನು ದಾಖಲಿಸಿದ್ದಾನೆ. ಮೂರು ಕೊಕ್ಕೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಜಿಂಕೆಯ ಬಾಲದ ಬಿಳಿಗೂದಲು, ಕೆಂಪು ಬಟ್ಟೆಯ ಚೂರು, ಬಣ್ಣದ ಗರಿಗಳನ್ನು ಕಟ್ಟಿ, ಮುಷ್ಟಿಗಾತ್ರದ ಆ ಕುಚ್ಚನ್ನು ದಡದಂಚಿನ ಜೊಂಡಿನ ಬಳಿ ನೀರಿಗೆ ಸೋಕುವಂತೆ ಆಡಿಸುತ್ತಿದ್ದರು. ಅದನ್ನು ನುಂಗಲು ಹಾರುತ್ತಿದ್ದುದು ನಾವಿಂದು ಬಾಸ್ ಎನ್ನುವ ಮೀನು.

ಆದರೂ ಬಹುಕಾಲ ಟ್ರೌಟ್‌ಗೆ ಸಂದ ಗೌರವ ಬಾಸ್‌ಗೆ ಸಲ್ಲಲಿಲ್ಲ. ಅಪಲಾಚಿಯನ್ ಬೆಟ್ಟಗಳ ಪೂರ್ವಕ್ಕಿರುವ ಪೊಟೋಮ್ಯಾಕ್ ನದಿಯಲ್ಲಿ ಈ ಮೀನೇ ಇರಲಿಲ್ಲ. 1850ರ ದಶಕದಲ್ಲಿ ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಅದನ್ನು ಬೆಟ್ಟ ದಾಟಿಸಿ ತಂದು ಅಲ್ಲಿ ಬಿಟ್ಟರು. ಅದು ಬೇಗನೆ ಬೇರೂರಿತು. 1881ರಲ್ಲಿ ಜೇಮ್ಸ್ ಹೆನ್ಶಾಲ್ ಎಂಬ ವೈದ್ಯನು ಬಾಸ್ ಮೀನನ್ನೇ ಕುರಿತು ಇಡೀ ಗ್ರಂಥ ಬರೆದು, ಹೋರಾಟದಲ್ಲಿ ಅದು ಯಾವ ಮೀನಿಗೂ ಕಡಿಮೆಯಲ್ಲವೆಂದು ವಾದಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟೆನ್ನೆಸ್ಸಿಯ ಚಟನೂಗ ನಗರದ ಅರ್ನೆಸ್ಟ್ ಪೆಕಿನ್‌ಪಾ ಎಂಬವನು ಬೆಂಡಿನ ತುಂಡಿಗೆ ಕೊಕ್ಕೆ ಸೇರಿಸಿ, ಮುಳುಗದೆ ತೇಲುವ ಹುಳುವನ್ನು ರೂಪಿಸಿದನು. ದಡದಿಂದ ಬೀಸಿದ ಆ ಹುಳುವನ್ನು ಮೆಲ್ಲನೆ ಜಗ್ಗಿದರೆ ನೀರ ಮೇಲೆ ಕಪ್ಪೆಯಂತೆ, ಮಿಡತೆಯಂತೆ ಸದ್ದು ಮಾಡುತ್ತದೆ. ಇದಕ್ಕೆ ದೋಣಿ ಬೇಡ, ಸಿರಿವಂತರ ಕಾದಿಟ್ಟ ಹೊಳೆಯೂ ಬೇಡ.

ಈ ಬಗೆಯ ತೇಲುಹುಳುಗಳನ್ನು ತನ್ನ ಬರಹಗಳಿಂದ ಜನಪ್ರಿಯಗೊಳಿಸಿದ ವಿಲ್ ಡಿಲ್ಗ್ ಎಂಬವನೇ 1922ರಲ್ಲಿ ಶಿಕಾಗೊದಲ್ಲಿ ಸೇರಿದ 54 ಮಂದಿ ಹವ್ಯಾಸಿಗಳ ಮುಂದಾಳಾಗಿ ಐಸಾಕ್ ವಾಲ್ಟನ್ ಲೀಗ್ ಸಂಸ್ಥೆಯನ್ನು ಕಟ್ಟಿದನು. ಆಗ ಮಿಸಿಸಿಪ್ಪಿ ನದಿಯ ಮೇಲ್ಭಾಗದಲ್ಲಿ ಜೌಗುನೆಲದ ನೀರನ್ನು ಬಸಿದು ಹೊಲ ಮಾಡುವ ಯೋಜನೆಯೊಂದಿತ್ತು. ಆ ಜೌಗೇ ಬಾಸ್ ಮರಿಗಳ ತೊಟ್ಟಿಲು. ಲೀಗ್ ಸತತವಾಗಿ ಒತ್ತಾಯಿಸಿದುದರ ಫಲವಾಗಿ 1924ರಲ್ಲಿ ಅಮೆರಿಕದ ಸಂಸತ್ತು ಅಲ್ಲಿ ವನ್ಯಜೀವಿ ಮತ್ತು ಮತ್ಸ್ಯಧಾಮವನ್ನು ಸ್ಥಾಪಿಸಿತು. ನಾಲ್ಕು ರಾಜ್ಯಗಳಲ್ಲಿ 400 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಅದು ಇಂದಿಗೂ ಉಳಿದಿದೆ. 1950ರ ಕಾನೂನೊಂದರಂತೆ ಗಾಳದ ಸಾಮಗ್ರಿಗಳ ಮೇಲಿನ ಕೇಂದ್ರ ತೆರಿಗೆ ರಾಜ್ಯಗಳ ಮತ್ಸ್ಯಸಂರಕ್ಷಣೆಗೆ ಮೀಸಲಾಯಿತು. ನಾವು ಮಕ್ಕಳಿಗೆ ಕೊಡಿಸುವ ಒಂದು ಗಾಳದ ಕೋಲಿನ ಬೆಲೆಯಲ್ಲಿಯೂ ಕೆರೆಯ ಪಾಲಿದೆ.

ಈ ಇತಿಹಾಸಕ್ಕೆ ಇನ್ನೊಂದು ಮುಖವೂ ಉಂಟು. ರೈಲಿನಲ್ಲಿ ಪಯಣಿಸಿದ ಮೀನು ಸಮುದ್ರವನ್ನೂ ದಾಟಿತು. 1960ರಲ್ಲಿ ಅಮೆರಿಕಕ್ಕೆ ಬಂದಿದ್ದ ಜಪಾನಿನ ಯುವರಾಜ ಅಕಿಹಿಟೊ ಅವರಿಗೆ ಶಿಕಾಗೊ ನಗರದ ಮೇಯರ್ ಬ್ಲೂಗಿಲ್ ಮೀನುಗಳನ್ನು ಕಾಣಿಕೆಯಿತ್ತರು. ಸದುದ್ದೇಶದಿಂದ ಒಯ್ದ ಆ ಮೀನಿನ ಸಂತತಿ ಜಪಾನಿನ ಸರೋವರಗಳಲ್ಲಿ ಹಬ್ಬಿ ಅಲ್ಲಿಯ ಮೂಲ ಮೀನುಗಳನ್ನು ಕಾಡಿತು. 2007ರಲ್ಲಿ, ಚಕ್ರವರ್ತಿಯಾಗಿದ್ದ ಅಕಿಹಿಟೊ ಅವರು ಇದಕ್ಕಾಗಿ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಒಂದು ನೀರಿನಲ್ಲಿ ಮನೆಮಗನಾದ ಜೀವಿ ಮತ್ತೊಂದು ನೀರಿಗೆ ಮಾರಿಯಾಗಬಲ್ಲದು.

ವಸಂತದಲ್ಲಿ ನೀರು ಬೆಚ್ಚಗಾದಾಗ ಬಾಸ್, ಬ್ಲೂಗಿಲ್‌ಗಳು ದಡದ ಆಳವಿಲ್ಲದ ನೀರಿಗೆ ಬರುತ್ತವೆ. ಗಂಡುಮೀನು ಬಾಲದಿಂದ ಕೆಸರು ಸರಿಸಿ ತಟ್ಟೆಯಾಕಾರದ ಗೂಡು ಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ದಡದಲ್ಲಿ ನಿಂತವರಿಗೆ ಮೀನು ಸುಲಭವಾಗಿ ಸಿಕ್ಕುವುದೂ ಆಗಲೇ, ಸಂತತಿಗೆ ಅಪಾಯ ಒದಗುವುದೂ ಆಗಲೇ. ಎಷ್ಟು ಮೀನು, ಯಾವ ಗಾತ್ರ, ಯಾವ ಋತು ಎಂದು ಪ್ರತಿ ರಾಜ್ಯವೂ ವಿಧಿಸುವ ನಿಯಮಗಳ ಹಿಂದೆ ಇಂತಹ ತಿಳಿವಳಿಕೆಯಿದೆ. ಈ ವಸಂತದಲ್ಲಿ ಮಕ್ಕಳೊಡನೆ ದಡಕ್ಕೆ ಹೋಗುವ ನಮ್ಮ ಕುಟುಂಬಗಳು ಪರವಾನಗಿ ಪಡೆದು, ಆ ನಿಯಮಗಳನ್ನು ಓದಿಕೊಂಡು ಹೋಗಲಿ. ಗೂಡು ಕಾಯುವ ಮೀನನ್ನು ಅದರ ಪಾಡಿಗೆ ಬಿಡಲಿ. ಮನೆಯ ತೊಟ್ಟಿಯ ಮೀನನ್ನಾಗಲಿ ಬೇರೆ ಕೆರೆಯ ಮೀನನ್ನಾಗಲಿ ಅಲ್ಲಿ ಬಿಡದಿರಲಿ. ಕೆರೆ ಕಟ್ಟಿಸುವುದನ್ನು ಪುಣ್ಯವೆಂದು ಶಾಸನಗಳಲ್ಲಿ ಕೆತ್ತಿಸಿದ ನಾಡಿನಿಂದ ಬಂದವರು ನಾವು. ನೆಲೆಸಿದ ನಾಡಿನ ಕೆರೆಯನ್ನು ಕಾಯುವುದೂ ಆ ಪುಣ್ಯದಲ್ಲಿಯೇ ಸೇರುತ್ತದೆ.